ಪಕ್ಕದ ಸೀಟು

"ಬಲ, ಎಡ, ಕೆಳಗೆ, ಮತ್ತೆ ಎಡ" ಎಂದು ರಯ್ಯಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಗೋಡೆಯ ಹಲಗೆಯ ಮೇಲೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಮೇಲಿನ ಸಾಲಿನಲ್ಲಿ ಅಂಗೈಯಗಲ, ಕೊನೆಯ ಸಾಲಿನಲ್ಲಿ ಇರುವೆಯಷ್ಟು. ಹಲ್ಲು ಯಾವ ಕಡೆಗಿವೆ ಎಂದು ಹೇಳಿದರೆ ಸಾಕು, ಕನ್ನಡಕದ ಅಂಗಡಿಯ ಜುವೈನಾ ಚೀಟಿಗೆ ಸೀಲು ಹಾಕಿಕೊಡುತ್ತಿದ್ದಳು. ಕಣ್ಣು ಸರಿಯಿದೆ ಎಂಬ ಆ ಚೀಟಿ ಇಲ್ಲದಿದ್ದರೆ ಮರಳುಗಾಡಿನ ಬಿದಿಯಾ ಪೇಟೆಯ ಪೊಲೀಸರು ಕಲಿಕಾ ಲೈಸೆನ್ಸಿನ ಮಾತನ್ನೇ ಎತ್ತುವುದಿಲ್ಲ.

"ಕೊನೇ ಸಾಲು ನನಗೇ ಸರಿಯಾಗಿ ಕಾಣಲ್ಲ ದೊಡ್ಡಮ್ಮ! ವಯಸ್ಸು ಐವತ್ತೆಂಟು ಅಂತ ಬರೆಸಿದೀರಿ, ಸುಳ್ಳು ತಾನೆ?"

"ಮರಳಲ್ಲಿ ಹುಟ್ಟಿ ಬೆಳೆದೋಳು ಕಣಮ್ಮ. ಆಚೆ ದಿಬ್ಬದ ಮೇಲೆ ಹೋಗೋ ಒಂಟೆ ನಮ್ದೋ ಪಕ್ಕದೋರ್ದೋ, ಇಲ್ಲಿಂದ್ಲೇ ಹೇಳ್ತೀನಿ."

ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ ರಯ್ಯಾಳ ಗಂಡ ಮುಸಲ್ಲಂ ನಕ್ಕ. ಕಾರಿನ ಕೀಲಿಕೈ ಅವನ ಕಿರುಬೆರಳಿಗೆ ನೇತಾಡುತ್ತಿತ್ತು. "ಒಂಟೆ ಗುರುತು ಹಿಡೀತಾಳೆ, ಬ್ರೇಕು ಯಾವುದು ಅಂತ ಕೇಳು! ತಂಗಿ ಮನೆಗೆ ಹೋಗಿಬರೋಕೆ ಈ ವಯಸ್ಸಲ್ಲಿ ಗಾಡಿ ಕಲೀಬೇಕಂತೆ. ಮೂವತ್ತೈದು ವರ್ಷದಿಂದ ನಾನೇನು ಇವಳನ್ನ ಕತ್ತೆ ಮೇಲೆ ಕೂರಿಸ್ಕೊಂಡು ಹೋಗಿದ್ನಾ?"

"ಕತ್ತೆಯಾದ್ರೆ ದಾರಿ ನೋಡ್ಕೊಂಡು ಹೋಗುತ್ತೆ" ಎಂದಳು ರಯ್ಯಾ, ಮೆಲ್ಲಗೆ.

ಜುವೈನಾಗೆ ನಗು ಬಂತು. "ಈಗ ಎಡಗಣ್ಣು ಮುಚ್ಕೊಳ್ಳಿ ದೊಡ್ಡಮ್ಮ" ಎಂದು ಹೇಳಿ, ಹಲಗೆಯ ಪಕ್ಕ ನಿಂತಳು. ರಯ್ಯಾ ಮತ್ತೆ ಶುರು ಮಾಡಿದಳು. ಎಡ. ಎಡ. ಬಲ. ಆಗಲೇ ಜುವೈನಾಳ ಕಣ್ಣು ಬಾಗಿಲ ಕಡೆ ಹೋದದ್ದು. ಮುಸಲ್ಲಂ ಎತ್ತಲೋ ಮುಖ ಮಾಡಿಕೊಂಡು ಕೂತಿದ್ದ. ಆದರೆ ಅವನ ಎರಡೂ ಕೈಗಳು ತೊಡೆಯಿಂದ ಒಂದು ಗೇಣು ಮೇಲೆದ್ದು, ಹೆಂಡತಿ ಎಡ ಎಂದಾಗ ಎಡಕ್ಕೆ, ಬಲ ಎಂದಾಗ ಬಲಕ್ಕೆ, ಅಲ್ಲಿಲ್ಲದ ಸ್ಟಿಯರಿಂಗನ್ನು ತಿರುಗಿಸುತ್ತಿದ್ದವು. ಅದು ಅವನಿಗೇ ಗೊತ್ತಿದ್ದಂತಿರಲಿಲ್ಲ.

ಜುವೈನಾ ಚೀಟಿಗೆ ಸೀಲು ಒತ್ತಿದಳು, ಆದರೆ ಕೈಗೆ ಕೊಡಲಿಲ್ಲ. "ದೊಡ್ಡಪ್ಪ, ಈ ಹಲಗೇಲಿ ಎಲ್ಲಕ್ಕಿಂತ ದೊಡ್ಡ ಗುರುತು ಇದೆಯಲ್ಲ, ಅದು ಯಾವ ಕಡೆಗಿದೆ?"

"ಯಾವ ಹಲಗೆ?" ಎಂದ ಮುಸಲ್ಲಂ.

"ಈಗ ಗಾಡಿ ಓಡಿಸ್ಕೊಂಡು ಬಂದಿದ್ದು ಯಾರು?" ಎಂದು ಕೇಳಿದಳು ಜುವೈನಾ.

"ನಾನೇ. ಲೈಸೆನ್ಸು ಇನ್ನೂ ಎರಡು ವರ್ಷ ಇದೆ, ಬೇಕಾದ್ರೆ ತೆಗೆದು ತೋರಿಸ್ತೀನಿ."

"ಇಬ್ಬರೂ" ಎಂದಳು ರಯ್ಯಾ, ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ನಾನು ಹೇಳ್ತಾ ಹೋಗ್ತೀನಿ, ಇವರು ತಿರುಗಿಸ್ತಾ ಹೋಗ್ತಾರೆ. ಮೂರು ವರ್ಷ ಆಯ್ತು."

"ಆಯ್ತಲ್ಲ, ಮೂರು ವರ್ಷದಲ್ಲಿ ಏನಾಗಿದೆ?" ಮುಸಲ್ಲಂನ ದನಿ ಏರಿತು. "ಹೋದ ವಾರ ಮೇಕೆ ಅಡ್ಡ ಬಂತು. ಇವಳು ಎಡ ಅಂದ್ಲು, ಕೂದಲೆಳೆಯಲ್ಲಿ ತಪ್ಪಿಸಿದೆ. ಕಣ್ಣಿದ್ದೋರು ಎಷ್ಟು ಜನ ಹಂಗೆ ತಪ್ಪಿಸ್ತಾರೆ ಹೇಳಮ್ಮ!"

"ಅದು ಮೇಕೆ ಅಲ್ಲ ತಾಲಿಬನ ಅಪ್ಪಾ" ಎಂದಳು ರಯ್ಯಾ, ಮಗನ ಹೆಸರು ಹಿಡಿದು ಗಂಡನನ್ನು ಕರೆಯುತ್ತ.

"ಮತ್ತೆ?"

"ವಫಾ. ಪಕ್ಕದ ಮನೆ ನಾಸರನ ಮೊಮ್ಮಗಳು. ಮರಳಿನ ಬಣ್ಣದ್ದೇ ಅಂಗಿ ಹಾಕ್ಕೊಂಡಿತ್ತು ಕೂಸು, ನನಗೂ ತಡವಾಗಿ ಕಾಣ್ತು. ಇಳಿದು ಹೋಗಿ ಅದರ ಚಪ್ಪಲಿ ಹುಡುಕಿಕೊಟ್ಟು ಬಂದೆ. ಏನದು ಅಂತ ಕೇಳಿದ್ರಿ. ಮೇಕೆ ಅಂದೆ. ಗಾಡಿ ಕಲಿಯೋದು ತಂಗಿ ಮನೆಗೆ ಹೋಗೋಕೆ ಅಂದಿದ್ದೂ ಸುಳ್ಳೇ."

ದಿನಾ ಸಂಜೆ ಬಂದು ಮುಸಲ್ಲಂನ ಮಡಿಲೇರಿ, ಅವನ ಕೈಯಿಂದಲೇ ಖರ್ಜೂರ ತಿನ್ನಿಸಿಕೊಂಡು ಹೋಗುವ ಮಗು ಅದು ಎಂದು ಜುವೈನಾಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಅವಳು ಕಂಡದ್ದು ಇಷ್ಟೇ: ಮುದುಕ ಎದ್ದು, ಗಾಳಿಯಲ್ಲಿ ಕೈಯಾಡಿಸಿ ಮೇಜಿನ ಅಂಚು ಹುಡುಕಿ, ಕಿರುಬೆರಳಿನಿಂದ ಕೀಲಿಕೈ ಬಿಡಿಸಿ ಕನ್ನಡಕಗಳ ನಡುವೆ ಇಟ್ಟ.

"ಗಾಡಿ ನಿನ್ನ ಅಂಗಡಿ ಮುಂದೇನೇ ನಿಂತಿರ್ಲಿ. ಇವಳು ಪಾಸಾದ ದಿನ ಕೀಲಿಕೈ ಇವಳಿಗೇ ಕೊಡು."

ಜುವೈನಾ ಚೀಟಿ ಕೊಟ್ಟಳು. ರಯ್ಯಾ ಎದುರಿನ ಠಾಣೆಗೆ ಹೋಗಿ, ತನ್ನ ಫೋಟೋ ಇದ್ದ ಕಲಿಕಾ ಲೈಸೆನ್ಸು ಹಿಡಿದು ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಇನ್ನು ನಾಲ್ಕರವರೆಗೆ ಪೇಟೆಯಲ್ಲಿ ಯಾವ ಅಂಗಡಿಯೂ ತೆರೆಯುವುದಿಲ್ಲ. ಬೀಗ ಹಾಕಿದ ಜುವೈನಾ, "ಬನ್ನಿ, ನನ್ನ ಕಾರಲ್ಲೇ ಮನೆಗೆ ಬಿಡ್ತೀನಿ" ಎಂದಳು.

ಮುಸಲ್ಲಂ ರೂಢಿಯಂತೆ, ಸ್ಟಿಯರಿಂಗ್ ಇರುವ ಎಡಗಡೆಯ ಬಾಗಿಲಿಗೇ ಹೋಗಿ ಹಿಡಿ ತಡಕಿದ. "ಅದು ನನ್ನ ಜಾಗ ದೊಡ್ಡಪ್ಪ" ಎಂದಳು ಜುವೈನಾ. ಅವನು ಕಾದ ಬಾನೆಟ್ಟಿನ ಮೇಲೆ ಅಂಗೈ ಜಾರಿಸುತ್ತ ಸುತ್ತುಹಾಕಿ ಬಂದು ಬಲಗಡೆಯ ಸೀಟಿನಲ್ಲಿ ಕೂತ. ರಯ್ಯಾ ಹಿಂದೆ ಕೂತಳು. ಪೇಟೆ ದಾಟಿ ಮರಳಿನ ದಾರಿ ಬಂತು. ಮುಸಲ್ಲಂ ಕೈಗಳನ್ನು ಮೊಣಕಾಲ ಮೇಲಿಟ್ಟು ನೋಡಿದ, ಕಟ್ಟಿಕೊಂಡು ನೋಡಿದ, ಬಾಗಿಲಿಗೆ ಒರಗಿಸಿ ನೋಡಿದ. ಎಲ್ಲೂ ಒಗ್ಗಲಿಲ್ಲ.

"ಅಲ್ವೇ," ಎಂದ ಕೊನೆಗೆ, ಹಿಂದಕ್ಕೆ ತಿರುಗದೆ. "ಈ ಕಡೆ ಸೀಟಲ್ಲಿ ಕೂತೋರು ಏನ್ ಮಾಡ್ತಾ ಇರ್ತಾರೆ?"

ರಯ್ಯಾ ಮುಷ್ಟಿಯೊಳಗಿನ ಹೊಸ ಕಾರ್ಡನ್ನು ಒಮ್ಮೆ ನೋಡಿಕೊಂಡಳು.

"ಹೆದರ್ಕೊಂಡು ಕೂತಿರ್ತಾರೆ" ಎಂದಳು.