ಬಿಳಿ ವೈನಿನ ಜಾತಕ

ಜ್ವರವೇನೋ ಬಿಟ್ಟಿತು, ಆದರೆ ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಎರಡು ತಿಂಗಳಾದರೂ ಹೆಂಡತಿ ಹಾಕುವ ಇಂಗಿನ ಒಗ್ಗರಣೆ ಕೂಡ ಅವನ ಮೂಗಿಗೆ ಬಡಿಯಲಿಲ್ಲ. ದೊಡ್ಡ ಹೋಟೆಲಿನಲ್ಲಿ ವೈನ್ ಮೂಸಿ, ಗುಣ ಹೇಳಿ ಬಡಿಸುವುದೇ ಅವನ ಕೆಲಸ. ಯಾರಿಗೂ ಬಾಯಿ ಬಿಡದೆ, ಬರಿಯ ನೆನಪಿನ ಮೇಲೆ ದಿನ ತಳ್ಳುತ್ತಿದ್ದ.

ಒಂದು ಮಧ್ಯಾಹ್ನ ಮಾಲೀಕರು ಅಡುಗೆಮನೆಗೇ ಬಂದು, ಆಗಲೇ ಬಿರಡೆ ತೆಗೆದಿದ್ದ ಬಾಟಲಿಯೊಂದರಿಂದ ಗ್ಲಾಸಿಗೆ ಬಗ್ಗಿಸಿ ಅವನ ಕೈಗಿತ್ತರು.

"ಇದರ ಜಾತಕ ಹೇಳಪ್ಪಾ."

ಲೇಬಲ್ ಕಣ್ಣಿಗೆ ಬಿತ್ತು. ಬದುಕಿದೆ ಅಂದುಕೊಂಡ.

"ಫ್ರಾನ್ಸಿನ ಬೋರ್ಡೋ ಸೀಮೆಯದು ಸಾರ್. ಎರಡು ಜಾತಿ ದ್ರಾಕ್ಷಿ ಬೆರೆಸಿದ್ದು. ಸೋವಿನ್ಯೋನ್ ಹುಳಿ ಕೊಡುತ್ತೆ, ಸೆಮಿಯೋನ್ ಮೈ ತುಂಬುತ್ತೆ. ಸಿಹಿ ಚೂರೂ ಇರಲ್ಲ."

"ಅದು ಬಾಯಿಪಾಠ ಆಯ್ತು. ಮೂಸಿ ಹೇಳು."

ಗ್ಲಾಸಿನೊಳಗೆ ಮೂಗಿಟ್ಟು ಕಣ್ಣು ಮುಚ್ಚಿದ. ತಣ್ಣನೆಯ ಗಾಳಿ ಬಿಟ್ಟರೆ ಏನೂ ಇಲ್ಲ.

"ನಿಂಬೆ ಸಿಪ್ಪೆ... ಆಗ ತಾನೇ ಕೊಯ್ದ ಹುಲ್ಲು... ಕೊನೆಗೆ ಒಂಚೂರು ಜೇನಿನ ಪರಿಮಳ. ಒಳ್ಳೇ ಬಾಟ್ಲಿ ಸಾರ್. ಧೈರ್ಯವಾಗಿ ಬಡಿಸಬಹುದು."

ಅಡುಗೆಯವರೆಲ್ಲ ನೆಲ ನೋಡುತ್ತಿದ್ದರು. ಮಾಲೀಕರು ಪಾತ್ರೆ ತೊಳೆಯುತ್ತಿದ್ದ ದ್ಯಾವಮ್ಮನ ಮುಂದೆ ಗ್ಲಾಸು ಹಿಡಿದರು.

"ನೀನೊಂದ್ಸಲ ಮೂಸಿ ಹೇಳಮ್ಮ."

ಜನ್ಮದಲ್ಲಿ ವೈನ್ ಮುಟ್ಟದ ದ್ಯಾವಮ್ಮ ಒಮ್ಮೆ ಮೂಸಿದವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಅಯ್ಯೋ ಸಾಮಿ, ನೆನೆದು ಕೊಳೆತ ಗೋಣಿಚೀಲದ ನಾತ!"