ಕಿರೀಟದಲ್ಲೊಂದು ಅಂಗಿ ಗುಂಡಿ

"ಈ ಸ್ಪರ್ಧೆ, ಈ ಕಿರೀಟ, ಎರಡೂ ನನಗೆ ಹೊಳೆದದ್ದು ಪ್ಯಾರಿಸ್ಸಿನಲ್ಲಿ," ಎಂದಳು ಅನಸೂಯಾ, ವಿಜಯವಾಡದ ಹೋಟೆಲಿನಲ್ಲಿ ಪತ್ರಕರ್ತರ ಮುಂದೆ. ಹನ್ನೆರಡು ದೇಶಗಳ ಸುಂದರಿಯರು ಅವಳ ಹಿಂದೆ ನಿಂತಿದ್ದರು.

ಮೂರನೇ ಸಾಲಿನಲ್ಲಿ ಕೂತಿದ್ದ ವಸುಧಾ ಮೇಜಿನ ಮೇಲಿನ ಕಿರೀಟವನ್ನೇ ನೋಡಿದಳು. ಅದು ಅವಳ ಮದುವೆಯ ಬಾಸಿಂಗ. ಏಳು ವರ್ಷದ ಹಿಂದೆ ವಿಶಾಖಪಟ್ಟಣದಲ್ಲಿ, ಗಾಜುವಾಕದ ಅವಳ ಬಾಡಿಗೆ ಮನೆಯಲ್ಲಿ, ಹನ್ನೊಂದು ಮಂದಿ ಗೃಹಿಣಿಯರ ಮೊದಲ ಸ್ಪರ್ಧೆಗೆಂದು ಅವಳೂ ಗೆಳತಿ ಅನಸೂಯಾಳೂ ಸೇರಿ ಅದನ್ನು ತಂತಿಗೆ ಹೊಲಿದು ಕಿರೀಟ ಮಾಡಿದ್ದರು. ಒಂದು ಮುತ್ತು ಕಡಿಮೆ ಬಿದ್ದಾಗ ವಸುಧಾ ಗಂಡನ ಅಂಗಿಯ ಬಿಳಿ ಗುಂಡಿ ಕಿತ್ತು ಕೂರಿಸಿದ್ದಳು. "ಯಾರಿಗೂ ಗೊತ್ತಾಗಲ್ಲ ಬಿಡೇ," ಎಂದು ಅನಸೂಯಾ ನಕ್ಕಿದ್ದಳು.

ಪಾಪ, ಓಡಾಟದಲ್ಲಿ ಮರೆತಿರಬೇಕು ಎಂದುಕೊಂಡಳು ವಸುಧಾ.

ಕ್ಯಾಮೆರಾದವನೊಬ್ಬ ಮೇಜಿನ ಹತ್ತಿರ ಬಂದ. ಅನಸೂಯಾ ಮಾತು ನಿಲ್ಲಿಸದೆಯೇ ಕಿರೀಟವನ್ನು ಮೆಲ್ಲಗೆ ತಿರುಗಿಸಿ, ಗುಂಡಿಯಿದ್ದ ಕಡೆಯನ್ನು ತನ್ನತ್ತ ಮಾಡಿಕೊಂಡಳು.