ಎಡಗಡೆಯ ಹೆಡ್‌ಲೈಟ್

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕಾರಿನ ಮೈಮೇಲೆ ಎಲ್ಲಿಟ್ಟರೂ ಗಪ್ಪನೆ ಕಚ್ಚಿಕೊಳ್ಳುತ್ತಿತ್ತು. ಎಡಗಡೆಯ ಹೆಡ್‌ಲೈಟಿನ ಹತ್ತಿರ ಮಾತ್ರ ಜಾರಿ ಮೇಸ್ತ್ರಿಯ ಅಂಗೈಗೆ ಬಿತ್ತು.

ಅವನು ಒಂದು ಬೆರಳಿನಷ್ಟು ಈಚೆಗಿಟ್ಟ, ಕಚ್ಚಿತು. ಮತ್ತೆ ಆಚೆಗಿಟ್ಟ, ಬಿತ್ತು. ಸುತ್ತಲೂ ಇಟ್ಟು ನೋಡಿದ. ಹೊಳೆಯುವ ಹಸಿರು ಬಣ್ಣದ ಕೆಳಗೆ, ಹೆಡ್‌ಲೈಟನ್ನು ಸುತ್ತಿಕೊಂಡು, ತಗ್ಗು ತುಂಬುವ ಪುಟ್ಟಿಯ ಗೆರೆಯೊಂದು ಬಳೆಯ ಹಾಗೆ ಹೋಗಿತ್ತು. ಪೆಟ್ಟು ಬಿದ್ದ ತುಂಡನ್ನು ಕತ್ತರಿಸಿ ತೆಗೆದು, ಸರಿಮಾಡಿ, ಮತ್ತೆ ವೆಲ್ಡಿಂಗ್ ಮಾಡಿ ಕೂರಿಸಿದ್ದಾರೆ. ಮೂವತ್ತು ವರ್ಷ ಗಾಡಿಗಳ ತಗಡು ಬಡಿದು ಟಿಂಕರಿಂಗ್ ಮಾಡಿದವನಿಗೆ ಇಷ್ಟು ತಿಳಿಯದೇ?

"ಇದೇನಾ ರೀ?" ಹೆಂಡತಿ ಪಿಸುಗುಟ್ಟಿದಳು.

"ಇದೇ."

ಒಂಬತ್ತು ವರ್ಷದ ಹಿಂದೆ, ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ ಅವರ ಒಬ್ಬಳೇ ಮಗಳಿಗೆ ತಿರುವಿನಲ್ಲಿ ಯಾರೋ ಗುದ್ದಿ ನಿಲ್ಲಿಸದೆ ಹೋಗಿದ್ದರು. ಪರೀಕ್ಷೆಯ ದಿನಗಳು, ಗೆಳತಿಯ ಮನೆಯಲ್ಲೇ ಓದಿ ಮಲಗಿರುತ್ತಾಳೆ ಅಂದುಕೊಂಡರು. ಬೆಳಿಗ್ಗೆ, ಮಗಳು ಇನ್ನೂ ಬಂದಿಲ್ಲ ಅಂತ ಹೆಂಡತಿ ಎರಡು ಸಲ ಅವನ ಅಂಗಡಿಗೆ ಓಡಿ ಬಂದಿದ್ದಳು. "ಅರ್ಜೆಂಟ್ ಕೆಲಸ ಕಣೇ, ಹನ್ನೊಂದಕ್ಕೆ ಕೊಡಬೇಕು. ಮುಗಿಸಿ ಬರ್ತೀನಿ ಹೋಗು" ಅಂದಿದ್ದ ಮೇಸ್ತ್ರಿ. ಮಧ್ಯಾಹ್ನ ಚರಂಡಿಯಲ್ಲಿ ಸಿಕ್ಕಾಗ ಹುಡುಗಿಗೆ ಇನ್ನೂ ಜೀವವಿತ್ತು. "ಬೆಳಿಗ್ಗೇನೇ ತಂದಿದ್ರೆ ಉಳಿಸಬಹುದಿತ್ತು" ಎಂದರು ಆಸ್ಪತ್ರೆಯವರು. ಆ ಮಾತನ್ನು ಅವರು ನುಂಗಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು!

ಅಲ್ಲಿ ಸಿಕ್ಕ ಗಾಜಿನ ಚೂರು ಇಂಗ್ಲೆಂಡಿನ ಈ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನದೇ ಎಂದು ಪೊಲೀಸರು ಹೇಳಿದ್ದರು. ಸುತ್ತಮುತ್ತ ಅಂಥವು ಇದ್ದದ್ದು ಮೂರೇ. ಎರಡರ ಮೇಲೆ ಒಂದು ಗೀರೂ ಇರಲಿಲ್ಲ. ಮೂರನೆಯದು ಎಲ್ಲಿಗೋ ಮಾಯವಾಗಿತ್ತು. ಹೋದ ವಾರ ಪೇಪರಿನಲ್ಲಿ ಜಾಹೀರಾತು ಬಂತು: ಹಳೆಯ ಇಂಗ್ಲಿಷ್ ಕಾರು, ಪೂರ್ತಿ ರಿಪೇರಿಯಾಗಿದೆ, ಮಾರಾಟಕ್ಕಿದೆ.

ಮಾರುವವನು ಹಲ್ಲಿನ ಡಾಕ್ಟರು. ಒಳಗಿನಿಂದ ಟೀ ಹಿಡಿದು ಬಂದವನು ಅಯಸ್ಕಾಂತ ನೋಡಿ ನಕ್ಕ. "ಪರವಾಗಿಲ್ವೇ ಯಜಮಾನ್ರೇ, ಹುಳುಕು ಹುಡುಕೋದ್ರಲ್ಲಿ ನನ್ನನ್ನೂ ಮೀರಿಸ್ತೀರ! ಅದೊಂದು ಹಳೇ ಪೆಟ್ಟು. ನಾನು ಕೊಳ್ಳೋದಕ್ಕೂ ಮುಂಚಿನದು."

"ಯಾರ ಹತ್ರ ಕೊಂಡ್ರಿ?"

"ಒಬ್ಬ ಮುದುಕರು. ತೀರಿಕೊಂಡು ಎರಡು ವರ್ಷ ಆಯ್ತು. ಎಲ್ಲೋ ಗೋಡೆಗೆ ಗುದ್ದಿದ್ರಂತೆ. ಆಮೇಲೆ ಗಾಡಿ ಶೆಡ್ಡಿಂದ ಆಚೆಗೇ ಬರಲಿಲ್ಲ ಅಂತ ಅವರ ಡ್ರೈವರ್ ಹೇಳ್ದ. ಗುದ್ದಿದ ಮಾರನೇ ದಿನ ಬೆಳಿಗ್ಗೆ ಆ ತುಂಡು ಮಾತ್ರ ಕತ್ತರಿಸಿ, ಬಣ್ಣ ಎಲ್ಲ ಕೆರೆದು, ಪೇಪರಲ್ಲಿ ಸುತ್ತಿ ಯಾರದೋ ಅಂಗಡಿಗೆ ಕಳಿಸಿದ್ರಂತೆ. ಅವನು ಯಾರೋ, ಆವತ್ತು ಬೆಳಿಗ್ಗೇನೇ ಬಡಿದು ಸರಿಮಾಡಿ ಕೊಟ್ಟಿದ್ದಾನೆ. ಅಲ್ಲ, ನಿಮ್ಮ ಕಸುಬಿನಲ್ಲಿ ಪೆಟ್ಟು ಹೇಗೆ ಬಿತ್ತು ಅಂತ ಕೇಳೋದೇ ಇಲ್ವಾ?"

"ಕೇಳಿದ್ರೆ ಗಿರಾಕಿ ಮತ್ತೆ ಬರಲ್ಲ." ಮೇಸ್ತ್ರಿಯ ಬಾಯಿಂದ ಮಾತು ತಾನಾಗಿ ಬಂತು. ಹೆಂಡತಿ ಅವನನ್ನು ದುರುಗುಟ್ಟಿಕೊಂಡು ನೋಡಿದಳು.

ಒಳಗೆ ಫೋನು ಬಡಿದುಕೊಂಡಿತು. ಡಾಕ್ಟರ್ ಒಳಗೆ ಹೋದ.

"ಸತ್ತು ತಪ್ಪಿಸಿಕೊಂಡ ಪಾಪಿ" ಅಂದಳು ಅವಳು. "ಆ ತಗಡು ಬಡಿದವನು ಬದುಕಿರ್ತಾನಲ್ಲ? ಬೆಳಿಗ್ಗೆ ರೀ! ಮಗು ಅಲ್ಲಿ ಬಿದ್ದು ನರಳ್ತಿತ್ತು. ಇದೇನಪ್ಪ, ಯಾರಿಗೆ ಗುದ್ದಿದ್ರಿ ಅಂತ ಒಂದು ಮಾತು ಕೇಳಿದ್ರೆ ಅವನ ಗಂಟೇನು ಹೋಗ್ತಿತ್ತು? ಅವನ ಕೈ ಸೇದಿಹೋಗ!"

"ಸುಮ್ನಿರು. ಹೆಸರು ಇಲ್ಲೇ ಇರುತ್ತೆ."

ಅದು ಅವನ ಕಸುಬಿನವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಕೆಲಸ ಮುಗಿದ ಮೇಲೆ ತಗಡಿನ ಒಳಮೈಗೆ, ಯಾರ ಕಣ್ಣಿಗೂ ಬೀಳದ ಕಡೆ, ಪ್ರತಿಯೊಬ್ಬ ಮೇಸ್ತ್ರಿಯೂ ಉಳಿಯಿಂದ ತನ್ನ ಗುರುತು ಹೊಡೆಯುತ್ತಿದ್ದ. ಸೇತುವೆ ಹತ್ತಿರದವನದು ಕತ್ತರಿ. ಮಾರ್ಕೆಟ್ ಹಿಂದಿನ ಕುಳ್ಳನದು ನಕ್ಷತ್ರ. ಇವನದು ಬಾಲ ಸೊಟ್ಟಗಿದ್ದ ಮೀನು; ಮಗಳು ಏಳು ವರ್ಷದವಳಿದ್ದಾಗ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟದ್ದು. ಊರಿನ ಹನ್ನೆರಡು ಗುರುತುಗಳೂ ಅವನಿಗೆ ಬಾಯಿಪಾಠ. ಕುಳ್ಳನ ಮೇಲೇ ಅವನಿಗೆ ಅನುಮಾನ. ಅವಸರದ ಕೆಲಸಕ್ಕೆ ಕುಳ್ಳ ಎಂದೂ ಬೇಡ ಅಂದವನಲ್ಲ. ನಕ್ಷತ್ರ ಕಂಡರೆ ಇವತ್ತೇ ಅವನ ಅಂಗಡಿಗೆ ನುಗ್ಗಿ, ಅವನ ಸುತ್ತಿಗೆಯಿಂದಲೇ ಅವನ ಬೆರಳು ಮುರಿಯುವುದು. ಮುಂದಿನದನ್ನು ಪೊಲೀಸರು ನೋಡಿಕೊಳ್ಳಲಿ.

ಮೇಸ್ತ್ರಿ ಟಾರ್ಚು ಹಿಡಿದು ಕಾರಿನ ಕೆಳಗೆ ಅಂಗಾತ ಜಾರಿದ. ಚಕ್ರದ ಹಿಂದಿನಿಂದ ಕೈ ತೂರಿಸಿ ತಗಡಿನ ಒಳಮೈ ಸವರಿದ. ಸುತ್ತಿಗೆಯ ಏಟುಗಳು ಒತ್ತೊತ್ತಾಗಿ, ಒಂದೇ ಸಮ ಬಿದ್ದಿದ್ದವು. ಒಳ್ಳೆಯ ಕೈ, ಒಪ್ಪಿಕೊಳ್ಳಲೇಬೇಕು. ಕುಳ್ಳನಿಗೆ ಇಷ್ಟು ನಯ ಎಲ್ಲಿಂದ ಬರಬೇಕು? ಹಾಗಾದರೆ ಇನ್ಯಾರು?

ಬೆರಳಿಗೆ ಏನೋ ತಗುಲಿತು. ಅವನು ಬನಿಯನ್ನಿನ ಅಂಚಿನಿಂದ ಒಂಬತ್ತು ವರ್ಷದ ಧೂಳನ್ನು ಒರೆಸಿ ಟಾರ್ಚು ಹತ್ತಿರ ತಂದ.

ಹೆಂಡತಿಯ ಪಾದಗಳು ಕಾರಿನ ಪಕ್ಕದಲ್ಲಿ ಚಡಪಡಿಸುತ್ತಿದ್ದವು. "ಸಿಕ್ತಾ ರೀ? ಯಾರವನು? ಹೇಳ್ರೀ!"

ಬೆಳಕಿನಲ್ಲಿ ಒಂದು ಪುಟ್ಟ ಮೀನಿತ್ತು, ಅದರ ಬಾಲ ಸೊಟ್ಟಗಿತ್ತು.